ದಾರ, ನಟ್ಟು, ಮೊಬೈಲ್: ಮನೆಯಲ್ಲೇ ಗುರುತ್ವ ವೇಗೋತ್ಕರ್ಷ ಅಳೆಯುವ ಬಗೆ

ಶಾಲೆಯ ಭೌತವಿಜ್ಞಾನ ಪ್ರಯೋಗಗಳಲ್ಲಿ ಸರಳ ಲೋಲಕದಷ್ಟು, ಅಂದರೆ ದಾರಕ್ಕೆ ಕಟ್ಟಿ ತೂಗುಬಿಟ್ಟ ಗುಂಡಿನಷ್ಟು, ಅಗ್ಗದ್ದು ಇನ್ನೊಂದಿಲ್ಲ. ಅದರಷ್ಟು ಕೆಟ್ಟದಾಗಿ ನಡೆಯುವ ಪ್ರಯೋಗವೂ ಇನ್ನೊಂದಿರಲಾರದು. ಉತ್ತರ ಎಲ್ಲರಿಗೂ ಮೊದಲೇ ಗೊತ್ತಿರುವುದೇ ಇದಕ್ಕೆ ಕಾರಣ. ಪಠ್ಯಪುಸ್ತಕದಲ್ಲಿ ಗುರುತ್ವ ವೇಗೋತ್ಕರ್ಷ 9.8 ಎಂದು ಅಚ್ಚಾಗಿರುತ್ತದೆ. ಎಷ್ಟೋ ರೆಕಾರ್ಡ್ ಪುಸ್ತಕಗಳಲ್ಲಿ ಮೊದಲು ಆ ಉತ್ತರವನ್ನು ಬರೆದುಕೊಂಡು, ಅದಕ್ಕೆ ಒಪ್ಪುವ ಸೆಕೆಂಡುಗಳನ್ನು ಆಮೇಲೆ ಹುಟ್ಟಿಸುತ್ತಾರೆ. ಹಾಗೆ ಮಾಡುವುದಾದರೆ ದಾರ ಕಟ್ಟುವ ಶ್ರಮವಾದರೂ ಏಕೆ?

ಈ ಬರಹ 8ರಿಂದ 10ನೇ ತರಗತಿಯ ವಿದ್ಯಾರ್ಥಿಗಳಿಗೆ, ಜೊತೆಗೆ ಅವರಿಗೆ ಪಾಠ ಹೇಳುವ ಹಿರಿಯರಿಗೆ. 9.8 ತರಿಸುವುದು ಇಲ್ಲಿನ ಗುರಿಯಲ್ಲ. ನಿಮ್ಮದೇ ಒಂದು ಸಂಖ್ಯೆಯನ್ನು ಪಡೆಯಬೇಕು, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ನೀವೇ ಹೇಳಬೇಕು. ಎರಡನೆಯದೇ ಕಷ್ಟದ ಕೆಲಸ.

ಏನನ್ನು ಅಳೆಯುತ್ತಿದ್ದೇವೆ?

ಕೈಯಿಂದ ಕಲ್ಲನ್ನು ಬಿಟ್ಟರೆ ಅದು ಒಂದೇ ವೇಗದಲ್ಲಿ ಬೀಳುವುದಿಲ್ಲ. ಪ್ರತಿ ಸೆಕೆಂಡಿಗೂ ಅದರ ವೇಗಕ್ಕೆ ಸೆಕೆಂಡಿಗೆ ಸುಮಾರು 9.8 ಮೀಟರ್ ಸೇರುತ್ತಾ ಹೋಗುತ್ತದೆ. ವೇಗ ಹೀಗೆ ಹೆಚ್ಚುವ ದರವೇ ಗುರುತ್ವ ವೇಗೋತ್ಕರ್ಷ. ಚಿಕ್ಕದಾಗಿ 'ಜಿ' ಎನ್ನೋಣ. ಅದರ ಮಾನ ಮೀಟರ್ ಪ್ರತಿ ಸೆಕೆಂಡ್ ವರ್ಗ.

ಕಲ್ಲನ್ನು ಬೀಳಿಸಿಯೇ ಇದನ್ನು ಅಳೆಯಬಹುದಲ್ಲವೇ ಎಂದು ಕೇಳಬಹುದು. ಒಂದು ಮೀಟರ್ ಎತ್ತರದಿಂದ ಬಿಟ್ಟ ಕಲ್ಲು ನೆಲ ಮುಟ್ಟಲು 0.45 ಸೆಕೆಂಡ್ ಸಾಕು. ಅಷ್ಟರಲ್ಲಿ ಬೆರಳು ಗಡಿಯಾರವನ್ನು ಶುರು ಮಾಡಿ ನಿಲ್ಲಿಸಬೇಕು. ಕಣ್ಣು ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸುಮಾರು 0.2 ಸೆಕೆಂಡ್ ಬೇಕಾಗುತ್ತದೆ. ಅಳೆಯಬೇಕಾದ ಕಾಲದ ಅರ್ಧದಷ್ಟನ್ನು ಬೆರಳೇ ತಿಂದುಹಾಕುತ್ತದೆ. ಲೋಲಕದ ಉಪಯೋಗ ಇರುವುದು ಇಲ್ಲಿ. ಬೀಳುವಿಕೆಯನ್ನು ಅದು ನಿಧಾನಗೊಳಿಸುತ್ತದೆ, ಜೊತೆಗೆ ಅದನ್ನೇ ಮತ್ತೆ ಮತ್ತೆ ಮಾಡಿ ತೋರಿಸುತ್ತದೆ.

ದಾರದ ತುದಿಯಲ್ಲಿ ತೂಗುವ ಗುಂಡನ್ನು ಪಕ್ಕಕ್ಕೆ ಎಳೆದರೆ ಅದು ಒಂದು ಕಮಾನಿನ ಮೇಲೆ ಸ್ವಲ್ಪ ಮೇಲೇರುತ್ತದೆ. ಬಿಟ್ಟಾಗ ಗುರುತ್ವ ಅದನ್ನು ಆ ಕಮಾನಿನ ಇಳಿಜಾರಿನಲ್ಲಿ ನಡುವಿಗೆ ಎಳೆಯುತ್ತದೆ. ದಾರ ಉದ್ದವಾದಷ್ಟೂ ಕಮಾನು ಚಪ್ಪಟೆ, ಇಳಿಜಾರು ಕಡಿಮೆ, ಎಳೆತ ದುರ್ಬಲ. ಆದ್ದರಿಂದ ತೂಗಾಟ ನಿಧಾನ. ಒಂದು ತುದಿಯಿಂದ ಹೊರಟು ಇನ್ನೊಂದು ತುದಿಗೆ ಹೋಗಿ ಮತ್ತೆ ಹೊರಟಲ್ಲಿಗೇ ಬಂದರೆ ಒಂದು ಆಂದೋಲನ. ಅದಕ್ಕೆ ಹಿಡಿಯುವ ಕಾಲವನ್ನು ಇಲ್ಲಿ 'ಅವಧಿ' ಎನ್ನುತ್ತೇನೆ. ದಾರವನ್ನು ನಾಲ್ಕು ಪಟ್ಟು ಉದ್ದ ಮಾಡಿದರೆ ಅವಧಿ ಎರಡು ಪಟ್ಟಾಗುತ್ತದೆ, ನಾಲ್ಕಲ್ಲ. ಉದ್ದಕ್ಕೆ ನೇರ ಹೊಂದಾಣಿಕೆ ಇರುವುದು ಅವಧಿಯ ವರ್ಗದೊಂದಿಗೆ. ಇದು ಮುಂದೆ ನಕ್ಷೆ ಬರೆಯುವಾಗ ಬೇಕಾಗುತ್ತದೆ.

ಜಿ ಲೆಕ್ಕ ಹಾಕುವ ಸೂತ್ರ ಮುಂದೆ ಬರುತ್ತದೆ; ಗುಂಡಿನ ತೂಕ ಅದರಲ್ಲಿ ಎಲ್ಲೂ ಬರುವುದಿಲ್ಲ. ರಾಶಿ ಎರಡು ಪಟ್ಟಾದರೆ ಭೂಮಿ ಎಳೆಯುವ ಬಲವೂ ಎರಡು ಪಟ್ಟಾಗುತ್ತದೆ, ಆದರೆ ಕದಲಿಸಬೇಕಾದ ರಾಶಿಯೂ ಎರಡು ಪಟ್ಟೇ, ಒಂದಕ್ಕೊಂದು ಸರಿಹೋಗುತ್ತದೆ. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಗೆ ಮರಕ್ಕೆ ಕಟ್ಟುವ ಜೋಕಾಲಿಯಲ್ಲಿ ಇದನ್ನು ನೋಡಬಹುದು. ಹಗ್ಗ ಐದು ಮೀಟರಿನಷ್ಟಿದ್ದರೆ, ಮೆಲ್ಲಗೆ ತೂಗುವಾಗ ಹೋಗಿ ಬರಲು ಸುಮಾರು ನಾಲ್ಕೂವರೆ ಸೆಕೆಂಡ್. ಕುಳಿತಿರುವುದು ತೆಳ್ಳಗಿನ ತಂಗಿಯೋ ದಪ್ಪಗಿನ ಮಾವನೋ ಎಂಬುದರಿಂದ ಹೆಚ್ಚು ವ್ಯತ್ಯಾಸವಾಗದು. ಎದ್ದು ನಿಂತರೆ ಮಾತ್ರ ಆಗುತ್ತದೆ, ಏಕೆಂದರೆ ಆಗ ಮೈಭಾರದ ಕೇಂದ್ರ ಮೇಲಕ್ಕೆ ಸರಿದು ಲೋಲಕ ಗಿಡ್ಡವಾಗುತ್ತದೆ.

ಸಾಮಾನು ಜೋಡಿಸುವುದು

ಮೂರು ವಸ್ತುಗಳು ಮುಖ್ಯ: ದಾರ, ಗುಂಡು, ದಾರ ಕಟ್ಟುವ ಜಾಗ. ಮೂರನೆಯದನ್ನು ಯಾರೂ ಗಮನಿಸುವುದಿಲ್ಲ, ಕೆಡುವುದು ಹೆಚ್ಚಾಗಿ ಅಲ್ಲಿಯೇ.

ದಾರ ತೆಳ್ಳಗಿರಲಿ, ಹಿಗ್ಗದಿರಲಿ. ಎಲಾಸ್ಟಿಕ್ ಗುಣವಿರುವ ನೈಲಾನ್ ಎಳೆ ಬೇಡ. ಗಟ್ಟಿಯಾಗಿ ಹೊಸೆದ ಹತ್ತಿ ದಾರ ಒಳ್ಳೆಯದು. ಗುಂಡಿಗೆ ಹಾರ್ಡ್‌ವೇರ್ ಅಂಗಡಿಯ ದೊಡ್ಡ ಉಕ್ಕಿನ ನಟ್ಟು ಸಾಕು. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗಾರೆ ಮೇಸ್ತ್ರಿಗಳು ಇಳಿಬಿಡುವ ಗುಂಡು ಸಿಕ್ಕರೆ ಭಾರದ ದೃಷ್ಟಿಯಿಂದ ಇನ್ನೂ ಉತ್ತಮ, ಆದರೆ ಅದು ಕೆಳಕ್ಕೆ ಚೂಪಾಗಿರುವುದರಿಂದ ಕೇಂದ್ರ ಎಲ್ಲಿದೆ ಎಂದು ಹೇಳುವುದು ಕಷ್ಟ. ಕೇಂದ್ರ ಸುಲಭವಾಗಿ ಗೊತ್ತಾಗುವ ವಸ್ತುವನ್ನೇ ಆರಿಸಿ. ಥರ್ಮೋಕೋಲ್ ಚೆಂಡು, ಪ್ಲಾಸ್ಟಿಕ್ ಚೆಂಡು ಬೇಡ. ಗಾಳಿಯ ತಡೆಗೆ ಬೇಗ ನಿಂತುಬಿಡುತ್ತವೆ.

ಈಗ ಕಟ್ಟುವ ಜಾಗ. ದಪ್ಪ ಮೊಳೆಗೆ ದಾರವನ್ನು ಸಡಿಲವಾಗಿ ಸುತ್ತಿದರೆ ಗುಂಡು ಆಡುವಾಗ ದಾರ ಮೊಳೆಯ ಮೇಲೆ ಉರುಳುತ್ತದೆ, ಉದ್ದ ಪ್ರತಿ ತೂಗಾಟದಲ್ಲೂ ಬದಲಾಗುತ್ತದೆ. ಶಾಲೆಯ ಪ್ರಯೋಗಾಲಯದಲ್ಲಿ ಸೀಳಿದ ಬಿರಡೆಯ ನಡುವೆ ದಾರ ಸಿಕ್ಕಿಸಿ ಸ್ಟ್ಯಾಂಡಿಗೆ ಬಿಗಿಯುವುದು ಇದೇ ಕಾರಣಕ್ಕೆ. ಮನೆಯಲ್ಲಾದರೆ ಒಂದು ಮರದ ಪಟ್ಟಿಯ ತುದಿಗೆ ದೊಡ್ಡವರ ಕೈಯಿಂದ ಗರಗಸದಲ್ಲಿ ಸಣ್ಣ ಸೀಳು ಹಾಕಿಸಿ. ಪಟ್ಟಿಯನ್ನು ಎತ್ತರದ ಕಪಾಟಿನ ಮೇಲೆ, ತುದಿ ಹೊರಚಾಚುವಂತೆ ಇಟ್ಟು, ಅದು ಅಲುಗದಂತೆ ಹಿಂಬದಿಗೆ ರುಬ್ಬುಗುಂಡನ್ನೋ ಪುಸ್ತಕಗಳ ಗಂಟನ್ನೋ ಹೇರಿ. ದಾರವನ್ನು ಸೀಳಿನೊಳಗೆ ಬಿಗಿಯಾಗಿ ಕೂರಿಸಿ ಮೇಲೆ ಗಂಟು ಹಾಕಿ. ಗುಂಡು ಸೀಳಿಗೆ ಅಡ್ಡವಾಗಿ ಆಡಲಿ. ಆಗ ದಾರ ಪಟ್ಟಿಯ ಕೆಳಮುಖದಲ್ಲಿ ಒಂದೇ ಬಿಂದುವಿನಿಂದ ತಿರುಗುತ್ತದೆ.

ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ.

ಉದ್ದ ಅಳೆಯುವುದು

ಗುಂಡು ಕಟ್ಟಿ ತೂಗುಬಿಟ್ಟ ಮೇಲೆಯೇ ಅಳೆಯಿರಿ. ಮೇಜಿನ ಮೇಲೆ ಮಲಗಿಸಿ ಅಳೆದ ದಾರದ ಉದ್ದಕ್ಕೂ ಭಾರ ಹೊತ್ತ ದಾರದ ಉದ್ದಕ್ಕೂ ವ್ಯತ್ಯಾಸ ಇರುತ್ತದೆ. ಅಳತೆ ಎಲ್ಲಿಂದ ಎಲ್ಲಿಗೆ? ಸೀಳಿನ ಕೆಳ ಅಂಚಿನಿಂದ ಗುಂಡಿನ ನಡುವಿಗೆ. ಗುಂಡಿನ ನಡುವಿಗೆ ಟೇಪ್ ಹಿಡಿಯುವುದು ಕಷ್ಟವಾದ್ದರಿಂದ ಗುಂಡಿನ ಮೇಲಂಚಿನವರೆಗೆ ಅಳೆದು, ಗುಂಡಿನ ಎತ್ತರದ ಅರ್ಧವನ್ನು ಸೇರಿಸಿ. ಮೊದಲ ಬಾರಿಗೆ 80 ಸೆಂ.ಮೀ. ಇಟ್ಟುಕೊಳ್ಳಿ.

ಟೇಪಿನಲ್ಲಿ ಮಿಲಿಮೀಟರ್ ಗೆರೆಗಳಿವೆ ಎಂದ ಮಾತ್ರಕ್ಕೆ ನಿಮ್ಮ ಅಳತೆ ಮಿಲಿಮೀಟರಿನವರೆಗೆ ಸರಿ ಎಂದು ಭಾವಿಸಬೇಡಿ. ಕೈ ನಡುಗುತ್ತದೆ, ಕಣ್ಣು ಓರೆಯಿಂದ ನೋಡುತ್ತದೆ, ಗಂಟು ಜಾರುತ್ತದೆ. ಎರಡು ಮಿಲಿಮೀಟರ್ ಆಚೀಚೆ ಆಗಬಹುದು ಎಂದು ನಂಬುವುದು ಪ್ರಾಮಾಣಿಕ. ಅದನ್ನೇ ಬರೆದುಕೊಳ್ಳಿ: 80.0 ಸೆಂ.ಮೀ., ಹೆಚ್ಚುಕಡಿಮೆ 0.2.

ಎಷ್ಟು ಎಳೆಯಬೇಕು?

ಸೂತ್ರ ಸಣ್ಣ ಕೋನಕ್ಕೆ ಮಾತ್ರ ನಿಜ. 'ಸಣ್ಣ' ಎಂದರೆ ಎಷ್ಟು ಎಂದು ಪುಸ್ತಕಗಳು ಹೇಳದೆ ಬಿಡುವುದರಿಂದ ಇಲ್ಲಿ ಹೇಳುತ್ತೇನೆ. ಲಂಬದಿಂದ 5 ಡಿಗ್ರಿ ಎಳೆದರೆ ಅವಧಿ ಸೂತ್ರ ಹೇಳುವುದಕ್ಕಿಂತ ಶೇಕಡಾ 0.05ರಷ್ಟು ಹೆಚ್ಚುತ್ತದೆ. 10 ಡಿಗ್ರಿಗೆ ಶೇಕಡಾ 0.2, 20 ಡಿಗ್ರಿಗೆ ಶೇಕಡಾ 0.8, 30 ಡಿಗ್ರಿಗೆ ಶೇಕಡಾ 1.7. ಅಂದರೆ 10 ಡಿಗ್ರಿಯೊಳಗೆ ಇದ್ದರೆ ನಮ್ಮ ಕೆಲಸಕ್ಕೆ ತೊಂದರೆಯಿಲ್ಲ. ಕೋನಮಾಪಕ ಹಿಡಿಯಬೇಕಿಲ್ಲ, 80 ಸೆಂ.ಮೀ. ದಾರಕ್ಕೆ 10 ಡಿಗ್ರಿ ಎಂದರೆ ಗುಂಡನ್ನು ಪಕ್ಕಕ್ಕೆ ಸುಮಾರು 14 ಸೆಂ.ಮೀ. ಎಳೆದಂತೆ. ಏಳೆಂಟು ಸೆಂಟಿಮೀಟರಿಗೇ ನಿಲ್ಲಿಸಿ.

ಗುಂಡನ್ನು ತಳ್ಳಬೇಡಿ, ಬಿಡಿ. ತಳ್ಳಿದರೆ ಅದು ಅಂಡಾಕಾರದಲ್ಲಿ ಸುತ್ತತೊಡಗುತ್ತದೆ. ಹಾಗಾದರೆ ಹಿಡಿದು ನಿಲ್ಲಿಸಿ ಮತ್ತೆ ಬಿಡಿ. 'ಪರವಾಗಿಲ್ಲ' ಎಂದು ಎಣಿಕೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ. ಹೊತ್ತು ಕಳೆದಂತೆ ತೂಗಾಟದ ಹರವು ಕುಗ್ಗುತ್ತದೆ, ಅದರ ಚಿಂತೆ ಬೇಡ. ಸಣ್ಣ ಕೋನದಲ್ಲಿ ಹರವು ಕುಗ್ಗಿದರೂ ಅವಧಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಈ ಗುಣ ನಂಬಿಯೇ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1656ರಲ್ಲಿ ಲೋಲಕದ ಗಡಿಯಾರ ಮಾಡಿದ್ದು.

ಎಣಿಸುವುದು

ಬಹಳಷ್ಟು ತಪ್ಪುಗಳು ಆಗುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಓದಿ.

ಗುಂಡಿನ ಹಿಂದೆ ಗೋಡೆಯ ಮೇಲೆ, ಅದು ಸುಮ್ಮನೆ ತೂಗುವ ಜಾಗಕ್ಕೆ ನೇರವಾಗಿ ಸೀಮೆಸುಣ್ಣದ ಒಂದು ಗೆರೆ ಎಳೆಯಿರಿ. ಗುಂಡು ಆ ಗೆರೆಯನ್ನು ದಾಟುವ ಕ್ಷಣದಲ್ಲಿ ಎಣಿಸಬೇಕು. ತುದಿಯಲ್ಲಿ ಎಣಿಸುವುದು ಸುಲಭ ಎನ್ನಿಸುತ್ತದೆ, ಏಕೆಂದರೆ ಅಲ್ಲಿ ಗುಂಡು ನಿಂತಂತೆ ಕಾಣುತ್ತದೆ. ಅದೇ ಅಲ್ಲಿನ ತೊಂದರೆ: ಅದು ನಿಂತದ್ದು ಯಾವಾಗ, ಹೊರಟದ್ದು ಯಾವಾಗ ಎಂದು ಹೇಳಲಾಗದು. ನಡುವಿನಲ್ಲಿ ಗುಂಡು ಅತಿ ವೇಗವಾಗಿರುವುದರಿಂದ ಗೆರೆ ದಾಟುವ ಕ್ಷಣ ಚೂಪಾಗಿ ಸಿಗುತ್ತದೆ. ಎಡದಿಂದ ಬಲಕ್ಕೆ ದಾಟುವಾಗ ಮಾತ್ರ ಎಣಿಸಿ. ಬಲದಿಂದ ಎಡಕ್ಕೆ ಬರುವಾಗ ಸುಮ್ಮನಿರಿ.

ಮೊಬೈಲ್ ಗಡಿಯಾರದ ಗುಂಡಿ ಒತ್ತುವಾಗ 'ಒಂದು' ಎನ್ನಬೇಡಿ, 'ಸೊನ್ನೆ' ಎನ್ನಿ; 'ಇಪ್ಪತ್ತು' ಎನ್ನುವಾಗ ನಿಲ್ಲಿಸಿ. ಒಂದರಿಂದ ಶುರು ಮಾಡಿ ಇಪ್ಪತ್ತಕ್ಕೆ ನಿಲ್ಲಿಸಿದರೆ ಆದದ್ದು ಹತ್ತೊಂಬತ್ತೇ ಆಂದೋಲನ, ಇಪ್ಪತ್ತಲ್ಲ. ಆಗ ಜಿ ಬೆಲೆ 10.8ರ ಆಸುಪಾಸು ಬರುತ್ತದೆ. ನಿಮಗೆ 10.8 ಬಂದಿದ್ದರೆ ಬೇರೆಲ್ಲೂ ಹುಡುಕುವ ಮೊದಲು ಎಣಿಕೆಯನ್ನೇ ನೋಡಿ. 8.9 ಬಂದಿದ್ದರೆ ಒಂದು ಆಂದೋಲನ ಹೆಚ್ಚಾಗಿ ನಡೆದುಹೋಗಿರಬೇಕು. ಗಡಿಯಾರವನ್ನು ಗುಂಡು ಬಿಟ್ಟ ಕೂಡಲೇ ಶುರು ಮಾಡಬೇಡಿ; ಮೂರು ನಾಲ್ಕು ಬಾರಿ ತೂಗಲು ಬಿಟ್ಟು ಲಯ ಹಿಡಿದ ಮೇಲೆ ಒತ್ತಿ.

ಇಪ್ಪತ್ತೇ ಏಕೆ? ಮೊಬೈಲ್ ಗಡಿಯಾರ ಸೆಕೆಂಡಿನ ನೂರನೇ ಒಂದು ಭಾಗವನ್ನು ತೋರಿಸುತ್ತದೆ. ಆ ಅಂಕೆಗಳಿಗೆ ಮರುಳಾಗಬೇಡಿ. ಅವು ಗಡಿಯಾರದವು, ನಿಮ್ಮ ಬೆರಳಿನವಲ್ಲ. ಶುರುವಿನಲ್ಲೂ ಕೊನೆಯಲ್ಲೂ ಬೆರಳು ತಡವಾಗುತ್ತದೆ, ಎರಡೂ ತಡ ಬಹುಮಟ್ಟಿಗೆ ಒಂದನ್ನೊಂದು ಹೊಡೆದುಹಾಕುತ್ತವೆ, ಆದರೂ 0.1 ಸೆಕೆಂಡಿನಷ್ಟು ಅನಿಶ್ಚಿತತೆ ಉಳಿಯುತ್ತದೆ ಎಂದಿಟ್ಟುಕೊಳ್ಳುವುದು ಕ್ಷೇಮ. ಒಂದೇ ಆಂದೋಲನ ಅಳೆದರೆ 1.8 ಸೆಕೆಂಡಿಗೆ 0.1 ಸೆಕೆಂಡ್, ಅಂದರೆ ಶೇಕಡಾ 5ಕ್ಕೂ ಹೆಚ್ಚು. ಇಪ್ಪತ್ತು ಅಳೆದರೆ ಅದೇ 0.1 ಸೆಕೆಂಡ್ 36 ಸೆಕೆಂಡಿನಲ್ಲಿ ಹಂಚಿಹೋಗಿ ಶೇಕಡಾ 0.3ಕ್ಕಿಂತ ಕೆಳಗಿಳಿಯುತ್ತದೆ. ಬೆರಳು ಚುರುಕಾಗಿಲ್ಲ, ಗಡಿಯಾರ ಬದಲಾಗಿಲ್ಲ. ತಪ್ಪು ಮಾತ್ರ ಇಪ್ಪತ್ತು ಪಟ್ಟು ಕುಗ್ಗಿದೆ. ಈ ಪ್ರಯೋಗದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದೇ. ಐವತ್ತು ಎಣಿಸಬಹುದು, ನೂರೂ ಎಣಿಸಬಹುದು. ಆದರೆ ಎಣಿಕೆ ತಪ್ಪುವ ಸಂಭವವೂ ಅದರೊಂದಿಗೆ ಏರುತ್ತದೆ.

ಇದನ್ನೇ ಐದು ಸಲ ಮಾಡಿ. ಬಂದದ್ದನ್ನೆಲ್ಲ ಪೆನ್ನಿನಲ್ಲಿ ಬರೆಯಿರಿ. ಒಂದು ಸಂಖ್ಯೆ ಉಳಿದವುಗಳಿಂದ ದೂರ ನಿಂತಿದ್ದರೆ ಅಳಿಸಬೇಡಿ. ಅದರ ಮುಂದೆ 'ಎಣಿಕೆ ತಪ್ಪಿರಬಹುದು' ಎಂದು ಬರೆದು ಇನ್ನೊಂದು ಸಲ ಅಳೆಯಿರಿ.

ಲೆಕ್ಕ

ಸೂತ್ರದ ಪ್ರಕಾರ ಜಿ ಎಂದರೆ ಪೈ ವರ್ಗದ ನಾಲ್ಕು ಪಟ್ಟನ್ನು ಉದ್ದದಿಂದ ಗುಣಿಸಿ, ಅವಧಿಯ ವರ್ಗದಿಂದ ಭಾಗಿಸಿದ್ದು. ಪೈ ವರ್ಗದ ನಾಲ್ಕು ಪಟ್ಟು 39.48. ಆದ್ದರಿಂದ:

ಜಿ = 39.48 × ಉದ್ದ (ಮೀಟರಿನಲ್ಲಿ) ÷ ಅವಧಿಯ ವರ್ಗ

ಉದಾಹರಣೆಗೆ 80.0 ಸೆಂ.ಮೀ. ಉದ್ದಕ್ಕೆ ಇಪ್ಪತ್ತು ಆಂದೋಲನಗಳ ಕಾಲ ಐದು ಸಲ 35.9, 36.0, 35.8, 36.0, 35.9 ಸೆಕೆಂಡ್ ಬಂತೆಂದುಕೊಳ್ಳಿ. ಸರಾಸರಿ 35.92. ಇಪ್ಪತ್ತರಿಂದ ಭಾಗಿಸಿದರೆ ಅವಧಿ 1.796 ಸೆಕೆಂಡ್, ಅದರ ವರ್ಗ 3.226. ಉದ್ದವನ್ನು 0.800 ಮೀಟರ್ ಎಂದು ಬದಲಿಸಲು ಮರೆಯಬೇಡಿ. 39.48 × 0.800 = 31.58, ಅದನ್ನು 3.226ರಿಂದ ಭಾಗಿಸಿದರೆ 9.79.

ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ಉಳಿದದ್ದು ಎರಡೇ ಸಾಲು. ಉದ್ದದ ತಪ್ಪು 80ಕ್ಕೆ 0.2, ಅಂದರೆ ಶೇಕಡಾ 0.25. ಕಾಲದ ತಪ್ಪು 36ಕ್ಕೆ 0.1, ಅಂದರೆ ಶೇಕಡಾ 0.28, ಅವಧಿಯನ್ನು ವರ್ಗ ಮಾಡಿರುವುದರಿಂದ ಇದು ಎರಡು ಪಟ್ಟಾಗಿ ಶೇಕಡಾ 0.56. ಎರಡೂ ಒಂದೇ ದಿಕ್ಕಿಗೆ ತಪ್ಪಿದವು ಎಂಬ ಕೆಟ್ಟ ಸಂದರ್ಭವನ್ನೇ ತೆಗೆದುಕೊಂಡರೂ ಒಟ್ಟು ಶೇಕಡಾ 0.8. ಆದ್ದರಿಂದ ಉತ್ತರ: 9.79, ಹೆಚ್ಚುಕಡಿಮೆ 0.08. ನಿಜವಾದ ಬೆಲೆ 9.71ಕ್ಕೂ 9.87ಕ್ಕೂ ನಡುವೆ ಇದೆ ಎಂದು ಧೈರ್ಯವಾಗಿ ಹೇಳಬಹುದು. ಕ್ಯಾಲ್ಕುಲೇಟರ್ ಪರದೆಯಲ್ಲಿ ಇನ್ನೂ ಏಳೆಂಟು ಅಂಕೆ ಕಾಣುತ್ತವೆ. ಅವುಗಳಲ್ಲಿ ಒಂದಕ್ಕೂ ನಿಮ್ಮ ದಾರದಲ್ಲಿ ಆಧಾರವಿಲ್ಲ.

ಒಂದೇ ಉದ್ದ ಸಾಲದು: ನಕ್ಷೆ

ದಾರವನ್ನು 40, 60, 80, 100, 120 ಸೆಂ.ಮೀ.ಗೆ ಬದಲಿಸುತ್ತಾ ಪ್ರತಿ ಉದ್ದಕ್ಕೂ ಇಪ್ಪತ್ತು ಆಂದೋಲನಗಳ ಕಾಲ ಅಳೆಯಿರಿ. ನಿಮಗೆ ಸುಮಾರಾಗಿ 25.4, 31.1, 35.9, 40.2, 44.0 ಸೆಕೆಂಡುಗಳು ಬರಬೇಕು. ಇವುಗಳಿಂದ ಅವಧಿಯ ವರ್ಗಗಳನ್ನು ಲೆಕ್ಕ ಹಾಕಿ. ನಕ್ಷಾ ಹಾಳೆಯ ಅಡ್ಡ ಗೆರೆಯಲ್ಲಿ ಉದ್ದವನ್ನು, ನೆಟ್ಟ ಗೆರೆಯಲ್ಲಿ ಅವಧಿಯ ವರ್ಗವನ್ನು ಗುರುತಿಸಿ. ಐದು ಚುಕ್ಕಿಗಳೂ ಹೆಚ್ಚುಕಡಿಮೆ ಒಂದು ನೇರ ಗೆರೆಯ ಮೇಲೆ ಕೂರುತ್ತವೆ. ಚುಕ್ಕಿಯಿಂದ ಚುಕ್ಕಿಗೆ ಅಂಕುಡೊಂಕಾಗಿ ಗೆರೆ ಎಳೆಯಬೇಡಿ. ಎಲ್ಲ ಚುಕ್ಕಿಗಳಿಗೂ ಹತ್ತಿರವಾಗಿ ಹಾದುಹೋಗುವ ಒಂದೇ ಗೆರೆ ಇರಲಿ.

ಆ ಗೆರೆ ಎಷ್ಟು ಕಡಿದಾಗಿದೆ ಎಂದು ನೋಡಿ. 40 ಸೆಂ.ಮೀ.ಯಲ್ಲಿ ಅವಧಿಯ ವರ್ಗ 1.613, 120 ಸೆಂ.ಮೀ.ಯಲ್ಲಿ 4.840. ಏರಿಕೆ 3.227, ಉದ್ದದ ವ್ಯತ್ಯಾಸ 0.8 ಮೀಟರ್. ಭಾಗಿಸಿದರೆ 4.034. ಈಗ 39.48ನ್ನು 4.034ರಿಂದ ಭಾಗಿಸಿ: 9.79.

ಇದೇ ಉತ್ತರಕ್ಕೆ ಇಷ್ಟೊಂದು ಶ್ರಮವೇ? ನಕ್ಷೆಯ ನಿಜವಾದ ಬೆಲೆ ಬೇರೆ. ನೀವು ಗುಂಡಿನ ಅರ್ಧ ಎತ್ತರವನ್ನು ಸೇರಿಸಲು ಮರೆತಿದ್ದೀರಿ, ಪ್ರತಿ ಉದ್ದದಲ್ಲೂ 2 ಸೆಂ.ಮೀ. ಕಡಿಮೆ ಬರೆದಿದ್ದೀರಿ ಎನ್ನೋಣ. ಒಂದೇ ಉದ್ದದ ಲೆಕ್ಕದಲ್ಲಿ ಈ ತಪ್ಪು ನೇರವಾಗಿ ಉತ್ತರಕ್ಕೆ ಇಳಿಯುತ್ತದೆ, ಎಲ್ಲಿಂದ ಬಂತೆಂದು ಸುಳಿವೂ ಸಿಗುವುದಿಲ್ಲ. ನಕ್ಷೆಯಲ್ಲಾದರೆ ಐದೂ ಚುಕ್ಕಿಗಳು ಒಟ್ಟಿಗೆ ಎಡಕ್ಕೆ ಸರಿಯುತ್ತವೆ. ಗೆರೆ ಎಷ್ಟು ಕಡಿದಾಗಿದೆ ಎಂಬುದು ಬದಲಾಗುವುದೇ ಇಲ್ಲ, ಜಿ ಸರಿಯಾಗಿಯೇ ಬರುತ್ತದೆ. ಗೆರೆ ಮೂಲಬಿಂದುವಿನ ಮೂಲಕ ಹೋಗದೆ ಸ್ವಲ್ಪ ಮೇಲೆ ಹಾಯುವುದರಿಂದ ಉದ್ದ ಅಳೆಯುವುದರಲ್ಲಿ ಏನೋ ತಪ್ಪಿದೆ ಎಂಬುದೂ ಕಾಣುತ್ತದೆ. ಸರಿಯಾದ ಉತ್ತರವನ್ನೂ ತಪ್ಪಿನ ಗುರುತನ್ನೂ ಒಟ್ಟಿಗೆ ಕೊಡುವ ಸಾಧನ ಶಾಲೆಯ ವಿಜ್ಞಾನದಲ್ಲಿ ಹೆಚ್ಚಿಲ್ಲ. ಪರೀಕ್ಷೆಯಲ್ಲಿ ನಾಲ್ಕು ಅಂಕಕ್ಕೆಂದು ಅದನ್ನು ಕಲಿಸಿ ಮುಗಿಸುವುದು ನನಗೆ ಬೇಸರದ ವಿಷಯ.

ಭಾರ ಬದಲಿಸಿ ನೋಡುವ ಮನಸ್ಸಿದ್ದರೆ ಒಂದು ಎಚ್ಚರಿಕೆ. ಚಿಕ್ಕ ನಟ್ಟು ಬಿಚ್ಚಿ ದೊಡ್ಡದನ್ನು ಕಟ್ಟಿದಾಗ ಕೇಂದ್ರ ಕೆಳಗಿಳಿಯುತ್ತದೆ, ಲೋಲಕ ಉದ್ದವಾಗುತ್ತದೆ. ಅದನ್ನು ಗಮನಿಸದವರು 'ಭಾರ ಹೆಚ್ಚಾದರೆ ಅವಧಿ ಹೆಚ್ಚುತ್ತದೆ' ಎಂದು ಬರೆದುಬಿಡುತ್ತಾರೆ. ಪ್ರತಿ ಸಲವೂ ಕೇಂದ್ರದವರೆಗಿನ ಉದ್ದ ಒಂದೇ ಇರುವಂತೆ ದಾರವನ್ನು ಮೇಲೆಳೆದು ಸರಿಪಡಿಸಿ.

ಬೆಂಗಳೂರಿನ ಜಿ, ದೆಹಲಿಯ ಜಿ

ಜಿ ಎಲ್ಲೆಡೆ ಒಂದೇ ಅಲ್ಲ. ಸಮಭಾಜಕ ವೃತ್ತದಲ್ಲಿ 9.78, ಧ್ರುವಗಳಲ್ಲಿ 9.83. ಬೆಂಗಳೂರಿನಲ್ಲಿ ಸುಮಾರು 9.78, ದೆಹಲಿಯಲ್ಲಿ 9.79. ಇದಕ್ಕೆ ಕಾರಣ ಎರಡು: ಭೂಮಿ ಧ್ರುವಗಳ ಬಳಿ ಸ್ವಲ್ಪ ಚಪ್ಪಟೆ; ತನ್ನ ಸುತ್ತ ತಾನು ತಿರುಗುವುದರ ಪರಿಣಾಮವೂ ಸಮಭಾಜಕದ ಬಳಿ ಹೆಚ್ಚು.

ಇದು ಮೊದಲು ತಿಳಿದದ್ದು ಲೋಲಕದಿಂದಲೇ. 1672ರಲ್ಲಿ ಫ್ರೆಂಚ್ ಖಗೋಳವಿಜ್ಞಾನಿ ಜಾನ್ ರಿಶೆ ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದಾಗ, ಪ್ಯಾರಿಸ್‌ನಲ್ಲಿ ಸರಿಪಡಿಸಿದ್ದ ಲೋಲಕದ ಗಡಿಯಾರ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಗಡಿಯಾರ ಕೆಟ್ಟಿದೆ ಎಂದು ಅವರು ಕೈಬಿಡಲಿಲ್ಲ. ಲೋಲಕವನ್ನು ಎಷ್ಟು ಗಿಡ್ಡ ಮಾಡಬೇಕಾಯಿತು ಎಂದು ಅಳೆದು ಬರೆದಿಟ್ಟರು. ನ್ಯೂಟನ್ 1687ರಲ್ಲಿ ಭೂಮಿಯ ಆಕಾರದ ಬಗ್ಗೆ ವಾದಿಸುವಾಗ ಆ ಅಳತೆ ಅವರಿಗೆ ಒದಗಿತು. ನಮ್ಮ ದೇಶದಲ್ಲಿ, ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನಲ್ಲಿ ಆಧಾರರೇಖೆ (ಉಳಿದ ಅಳತೆಗಳಿಗೆ ಬುನಾದಿಯಾಗುವ ನೆಲದ ಮೇಲಿನ ಗೆರೆ) ಅಳೆದು ಆರಂಭಿಸಿದ್ದ ಭೂ ಸರ್ವೆಯ ಮುಂದಿನ ತಲೆಮಾರಿನವರು 1860ರ ದಶಕದಲ್ಲಿ ಊರೂರಿಗೆ ಲೋಲಕ ಹೊತ್ತು ತಿರುಗಿದರು. ಆ ಕೆಲಸದಲ್ಲಿದ್ದ ಬೇಸ್ವಿ ಎಂಬ ಅಧಿಕಾರಿ 1871ರಲ್ಲಿ ಲಡಾಖ್‌ನ ಎತ್ತರದ ಪ್ರದೇಶದಲ್ಲೇ ತೀರಿಕೊಂಡರು.

ನಿಮ್ಮ 9.79ರ ಹೆಚ್ಚುಕಡಿಮೆ 0.08 ಬೆಂಗಳೂರನ್ನೂ ದೆಹಲಿಯನ್ನೂ ಬೇರೆ ಮಾಡಲಾರದು. ಸಮಭಾಜಕವನ್ನೂ ಧ್ರುವವನ್ನೂ ಸಹ ಬೇರೆ ಮಾಡಲಾರದು. ಚಂದ್ರನನ್ನು ಮಾತ್ರ ಸುಲಭವಾಗಿ ಬೇರೆ ಮಾಡೀತು: ಅಲ್ಲಿ ಜಿ 1.62, ಒಂದು ಮೀಟರ್ ಲೋಲಕದ ಅವಧಿ ಎರಡರ ಬದಲು ಸುಮಾರು ಐದು ಸೆಕೆಂಡ್.

ಇನ್ನೂ ನಿಖರವಾಗಿ ಬೇಕೆಂದರೆ

ದಾರವನ್ನು ಉದ್ದ ಮಾಡಿ. ಶಾಲೆಯ ಮೆಟ್ಟಿಲುಗಳ ನಡುವಿನ ತೆರೆದ ಜಾಗದಲ್ಲಿ ಎರಡನೇ ಮಹಡಿಯಿಂದ 6 ಮೀಟರ್ ದಾರ ಇಳಿಬಿಟ್ಟರೆ ಇಪ್ಪತ್ತು ಆಂದೋಲನಕ್ಕೆ ಸುಮಾರು 98 ಸೆಕೆಂಡ್ ಬೇಕು. ಅದೇ 0.1 ಸೆಕೆಂಡಿನ ಬೆರಳಿನ ತಪ್ಪು ಈಗ ಶೇಕಡಾ 0.1. ಉದ್ದದಲ್ಲಿ ಅರ್ಧ ಸೆಂಟಿಮೀಟರ್ ತಪ್ಪಿದರೂ ಶೇಕಡಾ 0.08. ಎಲ್ಲ ಸೇರಿ ಜಿ ಬೆಲೆಯಲ್ಲಿ 0.03ರಷ್ಟು ಅನಿಶ್ಚಿತತೆ; ಸಮಭಾಜಕಕ್ಕೂ ಧ್ರುವಕ್ಕೂ ಇರುವ 0.05ರ ಅಂತರ ಈಗ ಕೈಗೆಟುಕುತ್ತದೆ. ಗುಂಡನ್ನು ಪಕ್ಕಕ್ಕೆ ಅರ್ಧ ಮೀಟರ್ ಎಳೆದರೂ ಕೋನ 5 ಡಿಗ್ರಿ ದಾಟುವುದಿಲ್ಲ. ಗುಂಡು ಅರ್ಧ ಕಿಲೋವಾದರೂ ಇರಲಿ, ಹಗುರವಾದದ್ದು ಗಾಳಿಗೆ ಓಲಾಡುತ್ತದೆ. ಮೇಲೆ ಕಟ್ಟುವ ಕೆಲಸ ಶಿಕ್ಷಕರದು. ಇಷ್ಟು ಭಾರ ಮೇಲಿನಿಂದ ಬಿದ್ದರೆ ತಲೆ ಒಡೆಯುತ್ತದೆ, ಆದ್ದರಿಂದ ಗಂಟನ್ನು ಎರಡು ಸಲ ಪರೀಕ್ಷಿಸಿ. ತರಗತಿಗಳು ನಡೆಯುತ್ತಿರುವಾಗ, ಮಕ್ಕಳು ಮೆಟ್ಟಿಲಲ್ಲಿ ಓಡಾಡದ ಹೊತ್ತನ್ನು ಆರಿಸಿಕೊಳ್ಳಿ.